ಊರೆದುರು ಹೇಳಿದ ಪಾಪ

ಕಾಯಿಲೆ ಬಿದ್ದವರಿಗೆ ಮೊದಲು ಅವರ ತಪ್ಪುಗಳನ್ನು ನೆನೆಯಲು ಹೇಳಿ, ಆಮೇಲೆ ಮದ್ದಿನ ಮಾತಾಡಿದ ಪಂಥವೊಂದು ಚೀನಾದ ಬೆಟ್ಟಸೀಮೆಯಲ್ಲಿ ಹುಟ್ಟಿ ಸಾವಿರದ ಒಂಬೈನೂರು ವರ್ಷಗಳಾಗುತ್ತ ಬಂದವು. ನೀಲಗಿರಿಯ ಬಡಗರ ಹಟ್ಟಿಗಳಲ್ಲಿ ಸಾವಿನ ದಿನ ಹಿರಿಯರೊಬ್ಬರು ನಿಂತು ಹೇಳುವ ಪಾಪದ ಪಟ್ಟಿಯನ್ನು ಬಲ್ಲವರಿಗೆ ಆ ಪಂಥದ ಕಥೆ ದೂರದ್ದು ಎನಿಸುವುದಿಲ್ಲ.

ಕುನ್ನೂರು ತಾಲ್ಲೂಕಿನ ಹುಬ್ಬತಲೈ ಬಡಗರ ಹಟ್ಟಿ. ರಾವ್ ಬಹದ್ದೂರ್ ಬೆಳ್ಳಿ ಗೌಡರ ಊರು. ಅವರ ಮಗ ಅರಿ ಗೌಡರು ಮದ್ರಾಸ್ ಶಾಸನಸಭೆಗೆ ಹೋದವರು, ಬೆಟ್ಟದ ರೈತರ ಬೆಳೆಗೆ ನ್ಯಾಯವಾದ ಬೆಲೆ ಸಿಗಲೆಂದು ಸಹಕಾರಿ ಮಾರಾಟ ಸಂಘ ಕಟ್ಟಿದವರು. ಮೈಸೂರು ಸೀಮೆಯ ಬಯಲಿನಿಂದ ಹಲವು ತಲೆಮಾರುಗಳ ಹಿಂದೆ ಬೆಟ್ಟ ಹತ್ತಿದ ಈ ಜನ ಆಡುವ ಮಾತು ಕನ್ನಡದ ಒಡಹುಟ್ಟು. ನಿಧಾನವಾಗಿ ಆಡಿದರೆ ಚಾಮರಾಜನಗರದ ಕಡೆಯವರಿಗೆ ಅರ್ಧಕ್ಕರ್ಧ ತಿಳಿಯುತ್ತದೆ. ವಿಜಯನಗರ ಕುಸಿದ ಮೇಲಿನ ಗಲಿಬಿಲಿಯ ಕಾಲದಲ್ಲಿ ಅವರ ಹಿರಿಯರು ಬಂದರೆಂಬುದು ವಿದ್ವಾಂಸರ ಊಹೆ. 1603ರಲ್ಲಿ ಮಲಬಾರಿನ ಕಡೆಯಿಂದ ಬೆಟ್ಟ ಹತ್ತಿದ ಜೆಸ್ಯೂಟ್ ಪಾದ್ರಿ ಫೆನಿಚಿಯೊ ಬಡಗರನ್ನು ಕಂಡು ಬರೆದಿಟ್ಟಿದ್ದಾನೆ.

ಇಂಥ ಹಟ್ಟಿಗಳಲ್ಲಿ ಒಬ್ಬರು ತೀರಿಕೊಂಡರೆ ಸುತ್ತಲ ಊರುಗಳ ನೆಂಟರಿಷ್ಟರೆಲ್ಲ ಬಂದು ಸೇರುತ್ತಾರೆ. ಹೆಣವನ್ನು ಮಂಚದ ಮೇಲೆ ಬಯಲಿಗೆ ತಂದಮೇಲೆ ನಡೆಯುವ ವಿಧಿಗೆ ‘ಕರು ಹರಚೋದು’ ಎಂದು ಹೆಸರು. ಮಾತು ಬಲ್ಲ ಹಿರಿಯರೊಬ್ಬರು ನಿಂತು ಸತ್ತವರ ಪರವಾಗಿ ಪಾಪಗಳನ್ನು ಒಂದೊಂದಾಗಿ ಹೆಸರಿಸುತ್ತಾರೆ. ಒಂದೊಂದು ಹೆಸರಿಗೂ ಸೇರಿದವರೆಲ್ಲ ಅದು ಪಾಪವೆಂದು ದನಿಗೂಡಿಸುತ್ತಾರೆ. ಹಿಂದೆ ಒಂದು ಎಮ್ಮೆಕರುವನ್ನು ಹೆಣದ ಸುತ್ತ ಮೂರು ಸುತ್ತು ನಡೆಸಿ, ಸತ್ತವರ ಕೈಯನ್ನು ಅದರ ತಲೆಯ ಮೇಲಿಟ್ಟು, ಆಮೇಲೆ ದೂರ ಅಟ್ಟಿಬಿಡುತ್ತಿದ್ದರೆಂದು ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ದಾಖಲಾಗಿದೆ. ಹಾಗೆ ಬಿಟ್ಟ ಕರುವನ್ನು ಯಾರೂ ಮಾರುವಂತಿರಲಿಲ್ಲ.

ಇದನ್ನು ಕಂಡ ಬಾಸೆಲ್ ಮಿಷನ್ನಿನ ಪಾದ್ರಿಗಳಿಗೆ ತಮ್ಮ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬರುವ ಪಾಪ ಹೊತ್ತ ಆಡಿನ ನೆನಪಾಯಿತು. ನನಗೆ ಅದಕ್ಕಿಂತ ಹತ್ತಿರವಾಗಿ ಕಾಣುವ ಜೋಡಿ ಪೂರ್ವದ ಕಡೆ ಇದೆ. ದಾವ್ ಪಂಥ ಎಂದೊಡನೆ ನಮಗೆ ಲಾವೋತ್ಸೆ ನೆನಪಾಗುತ್ತಾನೆ. ಯು.ಆರ್. ಅನಂತಮೂರ್ತಿಯವರು ಕನ್ನಡಕ್ಕೆ ತಂದ ‘ದಾವ್ ದ ಜಿಂಗ್’ ನೆನಪಾಗುತ್ತದೆ, ನೀರಿನಂತೆ ಬಾಳು ಎಂಬ ತತ್ವ ನೆನಪಾಗುತ್ತದೆ, ಸಾವನ್ನು ಗೆಲ್ಲುವ ರಸವಿದ್ಯೆ ನೆನಪಾಗುತ್ತದೆ. ಆದರೆ ದಾವ್ ಒಂದು ಸಂಘಟಿತ ಧರ್ಮವಾಗಿ, ಜನರನ್ನು ಮನೆಮನೆಯಾಗಿ ಸೇರಿಸಿಕೊಂಡು ಕಣ್ಣುಬಿಟ್ಟಾಗ ಮಾಡಿದ ಮೊದಲ ಕೆಲಸ ಬೇರೆಯದೇ. ಅದು ಜನರಿಂದ ತಪ್ಪು ಹೇಳಿಸಿತು, ಅಕ್ಕಿ ಕೂಡಿಸಿತು, ದಾರಿ ದುರಸ್ತಿ ಮಾಡಿಸಿತು.

ಕೊಕ್ಕರೆ ಕೂಗಿದ ಬೆಟ್ಟ

ಕ್ರಿ.ಶ. ಎರಡನೇ ಶತಮಾನ. ಹಾನ್ ಚಕ್ರವರ್ತಿಗಳ ಆಳ್ವಿಕೆ ಒಳಗಿಂದೊಳಗೇ ಸಡಿಲವಾಗುತ್ತಿದ್ದ ಕಾಲ. ಅರಮನೆಯಲ್ಲಿ ರಾಣಿಯರ ಬಳಗಕ್ಕೂ ನಪುಂಸಕ ಅಧಿಕಾರಿಗಳಿಗೂ ಜಗಳ. ಹಳ್ಳಿಗಳಲ್ಲಿ ನೆರೆ, ಬರ, ಮತ್ತೆ ಮತ್ತೆ ಮರುಕಳಿಸುವ ಸಾಂಕ್ರಾಮಿಕ ರೋಗ. ತೆರಿಗೆ ವಸೂಲಿಗೆ ಬರುವ ಸರ್ಕಾರ ಕಷ್ಟಕ್ಕೆ ಬರುತ್ತಿರಲಿಲ್ಲ. ಆಗ ಪೂರ್ವದ ಕರಾವಳಿ ಕಡೆಯ ಜಾಂಗ್ ಲಿಂಗ್ ಎಂಬಾತ ಪಶ್ಚಿಮದ ಶೂ ಸೀಮೆಗೆ, ಅಂದರೆ ಇಂದಿನ ಸಿಚುವಾನ್ ಪ್ರಾಂತ್ಯಕ್ಕೆ ಬಂದು ನೆಲೆಸಿದ. ಮುಂದೆ ಭಕ್ತರು ಅವನನ್ನು ಜಾಂಗ್ ದಾವ್‌ಲಿಂಗ್ ಎಂದು ಕರೆದರು.

ಪಂಥದ ನಂಬಿಕೆಯ ಪ್ರಕಾರ 142ರಲ್ಲಿ, ಹೆಮಿಂಗ್ ಬೆಟ್ಟದಲ್ಲಿ, ಅಂದರೆ ಕೊಕ್ಕರೆ ಕೂಗುವ ಬೆಟ್ಟದಲ್ಲಿ, ಲಾವೋತ್ಸೆ ಅವನಿಗೆ ದರ್ಶನ ಕೊಟ್ಟ. ಆ ಹೊತ್ತಿಗೆ ಲಾವೋತ್ಸೆ ಗ್ರಂಥ ಬರೆದ ಮುನಿಯಾಗಿ ಉಳಿದಿರಲಿಲ್ಲ. ಜಗತ್ತು ಹುಟ್ಟುವುದಕ್ಕೂ ಮೊದಲಿದ್ದ ದೇವರಾಗಿ, ‘ಪರಮ ಲಾವೋ ಪ್ರಭು’ವಾಗಿ ಪೂಜೆಗೊಳ್ಳುತ್ತಿದ್ದ. ಲೋಕ ಕೆಟ್ಟಿದೆ, ಜನ ಬಲಿ ಬೇಡುವ ಕ್ಷುದ್ರ ಶಕ್ತಿಗಳ ಕೈಗೆ ಸಿಕ್ಕಿದ್ದಾರೆ, ಅವರೊಂದಿಗೆ ಹೊಸ ಒಡಂಬಡಿಕೆ ಮಾಡಿಕೋ ಎಂದು ಆ ಪ್ರಭು ಅಪ್ಪಣೆ ಕೊಟ್ಟು, ಜಾಂಗ್‌ನಿಗೆ ‘ತಿಯೆನ್‌ಶಿ’ ಅಥವಾ ದಿವ್ಯಗುರು ಎಂಬ ಪದವಿ ಕೊಟ್ಟನಂತೆ. ಪಂಥಕ್ಕೂ ದಿವ್ಯಗುರುಗಳ ದಾರಿ ಎಂಬ ಹೆಸರೇ ನಿಂತಿತು.

ಆ ಒಡಂಬಡಿಕೆಯ ಮೂಲಕಟ್ಟಳೆ ಎರಡೇ ಮಾತಿನದು: ದೇವರು ಉಣ್ಣುವುದಿಲ್ಲ, ಕುಡಿಯುವುದಿಲ್ಲ, ಗುರು ಹಣ ಮುಟ್ಟುವುದಿಲ್ಲ. ಕುರಿ ಹಂದಿ ಕಡಿದು ರಕ್ತ ಚೆಲ್ಲಿ ದೇವರನ್ನು ಒಲಿಸಿಕೊಳ್ಳುವ ನಾಡಿನಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಊರೂರಲ್ಲಿ ಬಲಿ ಕೊಡಿಸಿ ಬದುಕುತ್ತಿದ್ದ ಪೂಜಾರಿಗಳ ಹೊಟ್ಟೆಯ ಮೇಲೂ, ವರ್ಷಕ್ಕಿಷ್ಟು ಬಲಿ ಕೊಡುವುದು ತನ್ನ ಕರ್ತವ್ಯವೆಂದುಕೊಂಡಿದ್ದ ಅರಮನೆಯ ಗೌರವದ ಮೇಲೂ ಅದು ನೇರವಾಗಿ ಬಿತ್ತು. ಲಂಚಕ್ಕೆ ಬಗ್ಗುವ ದೇವರು ಬೇಡ ಎಂದು ಒಂದು ಜನಸಮೂಹ ತೀರ್ಮಾನಿಸಿದ್ದರ ಹಿಂದೆ, ಲಂಚಕ್ಕೆ ಬಗ್ಗುವ ಅಧಿಕಾರಿಗಳನ್ನು ಕಂಡು ರೋಸಿದ ಅನುಭವ ಇದ್ದೇ ಇರಬೇಕು.

ಐದು ಅಳತೆ ಅಕ್ಕಿ

ಪಂಥಕ್ಕೆ ಸೇರಿದ ಮನೆ ವರ್ಷಕ್ಕೆ ಐದು ‘ದೌ’ ಅಕ್ಕಿ ಕೊಡಬೇಕಿತ್ತು. ಹಾನ್ ಕಾಲದ ಒಂದು ದೌ ಎಂದರೆ ಸುಮಾರು 2 ಲೀಟರಿನ ಅಳತೆ. ಐದು ದೌ ಸೇರಿದರೆ ಇಂದಿನ ಲೆಕ್ಕಕ್ಕೆ ಎಂಟು ಕಿಲೋ ಆಸುಪಾಸಿನ ಅಕ್ಕಿ. ಬಡವನಿಗೂ ಕೊಡಲಾಗುವ ಪಾಲು. ಹೊರಗಿನವರು ಇದೇ ಕಾರಣಕ್ಕೆ ಅವರನ್ನು ಐದಳತೆ ಅಕ್ಕಿಯವರು ಎಂದರು. ದ್ವೇಷಿಸುವವರು ಅಕ್ಕಿ ಕಳ್ಳರು ಎಂದರು. ಚರಿತ್ರೆಕಾರರ ಹಾಳೆಗಳಲ್ಲಿ ಈ ಎರಡನೆಯ ಹೆಸರೇ ಹೆಚ್ಚು ಕಾಣುತ್ತದೆ, ಏಕೆಂದರೆ ಹಾಳೆ ಬರೆದವರು ಅರಮನೆಯ ಕಡೆಯವರು.

ಪಂಥದ ನೆಲವನ್ನು 24 ಕ್ಷೇತ್ರಗಳಾಗಿ ವಿಂಗಡಿಸಿದ್ದರು. ಒಂದೊಂದಕ್ಕೂ ‘ಜಿಜಿಯೂ’ ಎಂಬ ಹಿರಿಯ. ಹಳ್ಳಿಯ ಕೂಟದಲ್ಲಿ ಮೊದಲ ಮದ್ಯವನ್ನು ಎರೆಯುವ ಗೌರವ ಯಾರಿಗೆ ಸಲ್ಲುತ್ತಿತ್ತೋ ಆ ಊರಹಿರಿಯನ ಹಳೆಯ ಪದವಿಯನ್ನೇ ಪಂಥ ತನ್ನ ಗುರುಗಳಿಗೆ ಇಟ್ಟಿತು. ಹೆಂಗಸರೂ ಆ ಸ್ಥಾನಕ್ಕೇರಬಹುದಿತ್ತು. ಗಂಡು ಅಧಿಕಾರಿ, ಹೆಣ್ಣು ಅಧಿಕಾರಿ ಎಂದು ಪಂಥದ ಪಠ್ಯಗಳೇ ಜೊತೆಜೊತೆಯಾಗಿ ಹೇಳುತ್ತವೆ. ಹಾನ್ ಜನಾಂಗದವರಲ್ಲದ ಬೆಟ್ಟದ ಬುಡಕಟ್ಟಿನವರೂ ದೊಡ್ಡ ಸಂಖ್ಯೆಯಲ್ಲಿ ಸೇರಿದ್ದರು. ಆ ಕಾಲದ ಚೀನಾದಲ್ಲಿ ಹೀಗೆ ಒಂದೇ ಪಂಕ್ತಿಯಲ್ಲಿ ಕೂರಿಸಿದ ಮತ್ತೊಂದು ವ್ಯವಸ್ಥೆ ಹುಡುಕಿದರೂ ಸಿಗುವುದು ಕಷ್ಟ.

ವರ್ಷಕ್ಕೆ ಮೂರು ಸಲ, ಚಾಂದ್ರಮಾನದ ಮೊದಲ ತಿಂಗಳ 7ನೇ ದಿನ, ಏಳನೇ ತಿಂಗಳ 7ನೇ ದಿನ, ಹತ್ತನೇ ತಿಂಗಳ 5ನೇ ದಿನ, ಎಲ್ಲ ಮನೆಗಳವರೂ ತಮ್ಮ ಕ್ಷೇತ್ರದಲ್ಲಿ ಸೇರಬೇಕಿತ್ತು. ಆಗ ಮನೆಯ ಲೆಕ್ಕದ ಪುಸ್ತಕ ತಿದ್ದುತ್ತಿದ್ದರು: ಹುಟ್ಟಿದ ಮಗುವಿನ ಹೆಸರು ಸೇರಿಸು, ತೀರಿಕೊಂಡ ಅಜ್ಜನ ಹೆಸರು ತೆಗೆ, ಬಂದ ಸೊಸೆಯ ಹೆಸರು ಬರೆ. ಈ ಪುಸ್ತಕ ಸರಿಯಿಲ್ಲದಿದ್ದರೆ ಕಾಯುವ ದೇವಗಣಗಳಿಗೆ ಮನೆ ಯಾವುದೆಂದೇ ತಿಳಿಯದು ಎಂದು ನಂಬಿಕೆ. ಮಗುವಿಗೆ ಆರೇಳು ವರ್ಷವಾದಾಗ ಮೊದಲ ದೀಕ್ಷೆ. ಒಬ್ಬ ದಿವ್ಯ ಸೇನಾನಿಯ ರಕ್ಷಣೆಯ ಪತ್ರ ಅದರ ಕೈಗೆ ಸಿಗುತ್ತಿತ್ತು. ಮುಂದೆ ಹತ್ತು ಸೇನಾನಿಗಳು, ಆಮೇಲೆ 75. ಗಂಡಿನ 75, ಹೆಣ್ಣಿನ 75 ಮದುವೆಯಲ್ಲಿ ಕೂಡಿ 150 ಆದಾಗ ರಕ್ಷಣೆ ಪೂರ್ತಿಯಾಯಿತೆಂದು ಲೆಕ್ಕ. ಗಂಡು ಹೆಣ್ಣಿನ ಜೀವಶಕ್ತಿಗಳನ್ನು ಬೆಸೆಯುವ ಒಂದು ದೀಕ್ಷಾವಿಧಿಯೂ ಇತ್ತು. ಮುಂದೆ ಬೌದ್ಧರು ಅದನ್ನು ಹೀಗಳೆದರು. ಉತ್ತರದಲ್ಲಿ 415ರಲ್ಲಿ ತನಗೂ ಲಾವೋ ಪ್ರಭುವಿನ ದರ್ಶನವಾಯಿತೆಂದ ಸುಧಾರಕ ಕೌ ಚಿಯೆನ್‌ಜಿ ಆ ವಿಧಿಯನ್ನೂ ಅಕ್ಕಿಯ ಪಾಲನ್ನೂ ಕೈಬಿಡಬೇಕೆಂದು ಹೇಳಿದ.

ಮೌನದ ಕೋಣೆ, ಮೂರು ಪತ್ರ

ಪಂಥದ ಜೀವಾಳ ಇದ್ದದ್ದು ಕಾಯಿಲೆಯ ಹಾಸಿಗೆಯ ಪಕ್ಕದಲ್ಲಿ. ರೋಗ ಬಂದದ್ದು ಮಾಡಿದ ತಪ್ಪಿನಿಂದ, ಕೆಲವೊಮ್ಮೆ ಹಿರೀಕರ ತಪ್ಪಿನಿಂದ ಎಂದು ಅವರು ತಿಳಿದಿದ್ದರು. ಹಾಗಾಗಿ ರೋಗಿಯನ್ನು ‘ಮೌನದ ಕೋಣೆ’ ಎಂಬ ಕೋಣೆಯಲ್ಲಿ ಕೂರಿಸುತ್ತಿದ್ದರು. ಅವನು ತನ್ನ ತಪ್ಪುಗಳನ್ನು ತಾನೇ ನೆನೆಯಬೇಕು. ನೆನೆದದ್ದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಅಧಿಕಾರಿ ರೋಗಿಯ ಹೆಸರು ಬರೆದು, ಅವನು ಪಶ್ಚಾತ್ತಾಪ ಪಟ್ಟದ್ದನ್ನು ವಿವರಿಸಿ, ಮೂರು ಪತ್ರ ಸಿದ್ಧಮಾಡುತ್ತಿದ್ದ. ಒಂದನ್ನು ಬೆಟ್ಟದ ತುದಿಯಲ್ಲಿಡುವುದು, ಅದು ಆಕಾಶದ ಅಧಿಪತಿಗೆ. ಒಂದನ್ನು ಮಣ್ಣಿನಲ್ಲಿ ಹೂಳುವುದು, ಅದು ಭೂಮಿಯ ಅಧಿಪತಿಗೆ. ಒಂದನ್ನು ನೀರಿನಲ್ಲಿ ಮುಳುಗಿಸುವುದು, ಅದು ನೀರಿನ ಅಧಿಪತಿಗೆ. ಮಂತ್ರಾಕ್ಷರದ ಚೀಟಿಯನ್ನು ಸುಟ್ಟು ನೀರಿಗೆ ಬೆರೆಸಿ ಕುಡಿಸುವ ಪದ್ಧತಿಯೂ ಆ ಕಾಲದ ಇಂಥ ಪಂಥಗಳಲ್ಲಿ ಇತ್ತು. ಆದರೆ ತಪ್ಪು ಒಪ್ಪಿಕೊಳ್ಳದವನಿಗೆ ಆ ನೀರು ನಾಟುವುದಿಲ್ಲ ಎಂದೇ ಹೇಳುತ್ತಿದ್ದರು.

ಇದನ್ನೆಲ್ಲ ನಮಗೆ ತಿಳಿಸಿದವರು ಮೂರನೇ ಶತಮಾನದ ಚರಿತ್ರೆಕಾರರು. ಅವರಲ್ಲಿ ಮುಖ್ಯನಾದ ಚೆನ್ ಶೌ ಆ ಸಿಚುವಾನ್ ಸೀಮೆಯಲ್ಲೇ ಹುಟ್ಟಿದವನು. ಪಂಥದ ಬಗ್ಗೆ ಅವನಿಗೆ ಮಮತೆಯೇನಿಲ್ಲ. ಆದರೆ ಅವನ ಗ್ರಂಥಕ್ಕೆ 429ರಲ್ಲಿ ಟಿಪ್ಪಣಿ ಬರೆದ ಪೈ ಸುಂಗ್‌ಜಿ ಬಿಡದೆ ದಾಖಲಿಸಿದ ಒಂದು ಕಟ್ಟಳೆಯ ಎದುರು ನಾನು ಪ್ರತಿಸಲವೂ ನಿಲ್ಲುತ್ತೇನೆ. ಸಣ್ಣ ತಪ್ಪು ಮಾಡಿದವನು ಒಪ್ಪಿಕೊಂಡು ನೂರು ಹೆಜ್ಜೆಯಷ್ಟು ದಾರಿ ದುರಸ್ತಿ ಮಾಡಿದರೆ ಅವನ ತಪ್ಪು ತೀರಿತು.

ನೂರು ಹೆಜ್ಜೆ ದಾರಿ. ಬೆಟ್ಟದಲ್ಲಿ ಬದುಕಿದವರಿಗೆ ಅದರ ಬೆಲೆ ಗೊತ್ತು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ದಾರಿಯ ಅಂಚು ಜಾರಿರುತ್ತದೆ, ಕಲ್ಲು ಕಿತ್ತಿರುತ್ತದೆ. ಹೊರೆ ಹೊತ್ತ ಮುದುಕಿ ಅಲ್ಲೇ ಎಡವುತ್ತಾಳೆ. ಒಬ್ಬ ಮಾಡಿದ ತಪ್ಪು ಊರಿನ ಯಾರಿಗೋ ನೋವಾಗಿ ಮುಟ್ಟಿದೆ. ಪ್ರಾಯಶ್ಚಿತ್ತವೂ ಊರಿನ ಯಾರಿಗೋ ನೆಮ್ಮದಿಯಾಗಿ ಮುಟ್ಟಲಿ ಎಂಬ ವಿವೇಕ ಆ ಕಟ್ಟಳೆಯಲ್ಲಿದೆ.

ಸಂಬಳದ ಅಧಿಕಾರಿಯಿಲ್ಲದ ನಾಡು

ಜಾಂಗ್ ದಾವ್‌ಲಿಂಗನ ಮಗ ಜಾಂಗ್ ಹೆಂಗ್, ಮೊಮ್ಮಗ ಜಾಂಗ್ ಲೂ. ಈ ಮೊಮ್ಮಗನ ಕಾಲಕ್ಕೆ ಚೀನಾ ಹೊತ್ತಿ ಉರಿಯುತ್ತಿತ್ತು. 184ರಲ್ಲಿ ಪೂರ್ವದಲ್ಲಿ ಜಾಂಗ್ ಜ್ಯುಯೆ ಎಂಬವನ ಹಿಂದೆ ಲಕ್ಷಾಂತರ ರೈತರು ಹಳದಿ ರುಮಾಲು ಸುತ್ತಿ ದಂಗೆಯೆದ್ದರು. ಅವರದೂ ತಪ್ಪೊಪ್ಪಿಗೆ, ಮಂತ್ರಜಲಗಳ ಪಂಥವೇ. ಅವರನ್ನು ಸೇನೆ ತುಳಿದುಹಾಕಿತು. ಜಾಂಗ್ ಲೂ ಬೇರೆ ದಾರಿ ಹಿಡಿದ. 190ರ ದಶಕದ ಹೊತ್ತಿಗೆ ಸಿಚುವಾನಿನ ಉತ್ತರಕ್ಕಿರುವ ಹಾನ್‌ಜುಂಗ್ ಕಣಿವೆಯನ್ನು ಹಿಡಿದು, ಅಲ್ಲಿ ಪಂಥದ ಆಳ್ವಿಕೆಯನ್ನೇ ಸ್ಥಾಪಿಸಿದ. ಅದು ಹೆಚ್ಚುಕಡಿಮೆ ಮೂರು ದಶಕ ನಿಂತಿತು.

ಅಲ್ಲಿ ಸರ್ಕಾರಿ ಅಧಿಕಾರಿಗಳಿರಲಿಲ್ಲ, ಪಂಥದ ಹಿರಿಯರೇ ಆಡಳಿತ ನೋಡುತ್ತಿದ್ದರು. ತಪ್ಪು ಮಾಡಿದವನನ್ನು ಮೂರು ಸಲ ಕ್ಷಮಿಸಿ, ಆಮೇಲಷ್ಟೇ ಶಿಕ್ಷಿಸುತ್ತಿದ್ದರು. ವಸಂತ ಮತ್ತು ಬೇಸಿಗೆಯ ತಿಂಗಳುಗಳಲ್ಲಿ, ಜೀವ ಚಿಗುರುವ ಕಾಲವೆಂದು, ಪ್ರಾಣಿ ಕೊಲ್ಲುವುದು ನಿಷಿದ್ಧ. ಮದ್ಯಕ್ಕೂ ತಡೆ. ದಾರಿಗಳ ಬದಿಯಲ್ಲಿ ಅನ್ನಛತ್ರಗಳನ್ನು ಕಟ್ಟಿ, ಅಕ್ಕಿಯನ್ನೂ ಮಾಂಸವನ್ನೂ ಅಲ್ಲಿಟ್ಟು, ಹೋಗಿ ಬರುವವರು ಹೊಟ್ಟೆ ಹಿಡಿಸುವಷ್ಟನ್ನು ತಾವೇ ತೆಗೆದುಕೊಳ್ಳಲಿ ಎಂದು ಬಿಟ್ಟಿದ್ದರು. ಕಾವಲಿನವನಿರಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ತೆಗೆದವನಿಗೆ ಕಾಯಿಲೆ ಬರುತ್ತದೆ ಎಂಬ ನಂಬಿಕೆಯೇ ಕಾವಲು. ಮನೆಗಳಿಂದ ಬಂದ ಐದಳತೆ ಅಕ್ಕಿ ಹೀಗೆ ದಾರಿಹೋಕನ ಹೊಟ್ಟೆಗೂ ಸೇರುತ್ತಿತ್ತು. ಅಕ್ಕಿ ಕಳ್ಳರು ಎಂದು ಬೈದವರು ಈ ಛತ್ರಗಳನ್ನೂ ಬರೆದಿಟ್ಟದ್ದರಿಂದ ನಮಗೆ ಸತ್ಯ ಉಳಿದಿದೆ.

215ರಲ್ಲಿ ಉತ್ತರದ ಸೇನಾಧಿಪತಿ ತ್ಸಾವ್ ತ್ಸಾವ್ ದೊಡ್ಡ ಪಡೆಯೊಂದಿಗೆ ಬಂದ. ಜಾಂಗ್ ಲೂ ಹಿಂದೆ ಸರಿದ. ಖಜಾನೆಗೂ ಉಗ್ರಾಣಕ್ಕೂ ಬೆಂಕಿಯಿಟ್ಟು ಹೋಗೋಣವೆಂದು ಸಂಗಡಿಗರು ಹೇಳಿದರು. ಅದು ನಾಡಿನ ಸೊತ್ತು ಎಂದು ಅವನು ಒಪ್ಪಲಿಲ್ಲ. ಬಾಗಿಲಿಗೆ ಮುದ್ರೆ ಒತ್ತಿ ಹೊರಟ. ಮುದ್ರೆ ಕಂಡ ತ್ಸಾವ್ ತ್ಸಾವ್ ಮೆಚ್ಚಿದ. ಶರಣಾದ ಜಾಂಗ್ ಲೂಗೂ ಅವನ ಮಕ್ಕಳಿಗೂ ಪದವಿಗಳು ದಕ್ಕಿದವು. ಪಂಥದವರನ್ನು ಸಾವಿರಗಟ್ಟಲೆ ಉತ್ತರಕ್ಕೆ ಸಾಗಿಸಿದರು. ಕಣಿವೆಯ ನಾಡು ಮುಗಿಯಿತು. ಸಾಗಿಸಲ್ಪಟ್ಟ ಜನ ತಮ್ಮ ವಿಧಿಗಳನ್ನು ಹೋದಲ್ಲೆಲ್ಲ ಒಯ್ದರು. ನಾಲ್ಕನೇ ಶತಮಾನದಲ್ಲಿ ಉತ್ತರ ಪರರ ಪಾಲಾದಾಗ ಅವು ದಕ್ಷಿಣಕ್ಕೂ ಇಳಿದವು. ಮುಂದೆ ಜಿಯಾಂಗ್‌ಶಿ ಪ್ರಾಂತ್ಯದ ಲುಂಗ್‌ಹು ಬೆಟ್ಟ ದಿವ್ಯಗುರುಗಳ ಪೀಠವಾಯಿತು. ಅಲ್ಲಿನ 63ನೆಯ ಗುರು ಚೀನಾದ ಕ್ರಾಂತಿಯ ವೇಳೆ, 1949ರಲ್ಲಿ, ತೈವಾನಿಗೆ ಹೋದರು. ಇವತ್ತಿಗೂ ಮದುವೆಯಾಗಿ ಸಂಸಾರದಲ್ಲಿದ್ದುಕೊಂಡೇ ಊರಿನ ಪೂಜೆ ಮಾಡುವ ದಾವ್ ಪುರೋಹಿತರು ತಮ್ಮ ಮೂಲವನ್ನು ಈ ಪರಂಪರೆಗೇ ಹೇಳಿಕೊಳ್ಳುತ್ತಾರೆ.

ಬೆಟ್ಟದ ಪಟ್ಟಿ

ನೀಲಗಿರಿಗೂ ಚೀನಾದ ಜನಕ್ಕೂ ಒಂದು ನೇರ ನಂಟು ಇದೆ, ಆದರೆ ಅದು ಬಹಳ ಈಚಿನದು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು ಚೀನೀ ಕೈದಿಗಳನ್ನು ಈ ಜಿಲ್ಲೆಗೆ ತಂದಿದ್ದರು. ನಡುವಟ್ಟಂ ಮತ್ತು ಗೂಡಲೂರಿನ ನಡುವೆ ಆ ಕೈದಿಗಳೂ ತಮಿಳು ಹೆಂಗಸರೂ ಕೂಡಿ ಕಟ್ಟಿಕೊಂಡ ಸಣ್ಣ ವಸತಿಯೊಂದನ್ನು ಥರ್ಸ್ಟನ್ ಕಂಡು ಬರೆದಿದ್ದಾನೆ. ಅವರಿಗೂ ಬಡಗರ ವಿಧಿಗೂ ಸಂಬಂಧ ಕಟ್ಟುವುದು ಬೇಡ. ಬಡಗರ ಮಾತು ಬಡಗರದೇ. ಎರಡು ಬೆಟ್ಟಸೀಮೆಗಳು, ಒಂದನ್ನೊಂದು ಅರಿಯದೆ, ಒಂದೇ ಕಡೆ ಕೈಯಿಟ್ಟಿವೆ. ನನಗೆ ಮುಖ್ಯವಾಗಿ ಕಾಣುವುದು ಅದು.

ಬಡಗರಲ್ಲಿ ಸಾವು ಸಮೀಪಿಸಿದವರ ಬಾಯಿಗೆ ತುಪ್ಪದಲ್ಲಿ ಅದ್ದಿದ ವೀರರಾಯ ಹಣ ಎಂಬ ಪುಟ್ಟ ಚಿನ್ನದ ನಾಣ್ಯ ಇಡುವ ಪದ್ಧತಿಯಿತ್ತು, ಮುಂದಿನ ಪಯಣದ ಬುತ್ತಿಯೆಂದು. ಆ ಪಯಣದಲ್ಲಿ ನೂಲಿನಷ್ಟು ತೆಳುವಾದ ಸೇತುವೆಯೊಂದನ್ನು ದಾಟಬೇಕು, ಕಾದ ಕಂಬವೊಂದನ್ನು ಹಾದು ಹೋಗಬೇಕು. ಪಾಪದ ಭಾರ ಹೊತ್ತವರಿಗೆ ನೂಲು ತಡೆಯುವುದಿಲ್ಲ. ಕರು ಹರಚೋದು ಆ ಭಾರ ಇಳಿಸುವ ವಿಧಿ. ಸತ್ತವರು ಮಾಡಿದ್ದು, ಅಪ್ಪ ಅಮ್ಮ ಮಾಡಿದ್ದು, ಅಜ್ಜ ಮುತ್ತಜ್ಜ ಮಾಡಿದ್ದು ಎಲ್ಲವೂ ಅದರಲ್ಲಿ ಸೇರುತ್ತದೆ. ಪಾಪಗಳು ಒಟ್ಟು ಮುನ್ನೂರು ಎನ್ನುವ ಪಾಠವೂ ಉಂಟು, ಸಾವಿರದ ಮುನ್ನೂರು ಎನ್ನುವ ಪಾಠವೂ ಉಂಟು. ಕೊನೆಗೆ ಬಸವನ ಪಾದವನ್ನು ನೆನೆಯುತ್ತಾರೆ. ಬಡಗರಲ್ಲಿ ಲಿಂಗಧಾರಿಗಳ ಮನೆತನಗಳೂ ಇವೆ. ಮೈಸೂರು ಸೀಮೆಯಿಂದ ಅವರು ಭಾಷೆಯ ಜೊತೆ ತಂದದ್ದರಲ್ಲಿ ಶಿವಭಕ್ತಿಯೂ ಒಂದು.

ಆ ಪಟ್ಟಿಯನ್ನು 1871ರಲ್ಲಿ ಚಾರ್ಲ್ಸ್ ಗೋವರ್ ತನ್ನ ದಕ್ಷಿಣ ಭಾರತದ ಜನಪದ ಹಾಡುಗಳ ಪುಸ್ತಕದಲ್ಲಿ ಇಂಗ್ಲಿಷಿಗೆ ತಂದ. ಮುಂದೆ ಬಡಗರ ನಡುವೆ ದಶಕಗಟ್ಟಲೆ ಅಧ್ಯಯನ ಮಾಡಿದ ಪಾಲ್ ಹಾಕಿಂಗ್ಸ್ ಅವರ ಗಾದೆ, ಹರಕೆ, ಸಾವಿನ ವಿಧಿಗಳ ಮೇಲೆ ಪುಸ್ತಕಗಳನ್ನೇ ಬರೆದರು. ಈ ದಾಖಲೆಗಳನ್ನು ಓದಿದವರಿಗೆ ಮೊದಲು ಕಾಣುವುದು ಪಾಪಗಳ ನೆಲದ ವಾಸನೆ. ದೇವರನ್ನು ನಂಬಲಿಲ್ಲ, ಪೂಜೆ ತಪ್ಪಿಸಿದ ಎಂಬ ಬಗೆಯ ದೂರು ಬಹಳ ಕಡಿಮೆ. ಹೊಲದ ಗಡಿಕಲ್ಲು ಕಿತ್ತಿಟ್ಟದ್ದು, ಪಕ್ಕದವರ ಬೇಲಿ ಸರಿಸಿ ಒಳಗೆ ಬಂದದ್ದು ಅಲ್ಲಿದೆ. ಅಣ್ಣತಮ್ಮಂದಿರನ್ನು ಬೇರೆ ಮಾಡಿದ್ದು, ಸೊಸೆಯನ್ನು ಗೋಳು ಹೊಯ್ದುಕೊಂಡದ್ದು, ಮಾವನನ್ನು ನೆಲದ ಮೇಲೆ ಮಲಗಿಸಿ ತಾನು ಮಂಚ ಹತ್ತಿದ್ದು ಅಲ್ಲಿದೆ. ಪಕ್ಕದ ಮನೆಯ ಎಮ್ಮೆ ತುಂಬ ಹಾಲು ಕೊಡುತ್ತದೆಂದು ಕಣ್ಣು ಹಾಕಿದ್ದೂ ಪಾಪ. ಹಲ್ಲಿ, ಹಾವು ಕೊಂದದ್ದು, ಹಕ್ಕಿಮರಿಯನ್ನು ಬೆಕ್ಕಿಗೆ ಹಾಕಿದ್ದು, ಬೆಳೆಯುವ ಸಸಿಯನ್ನು ಕಿತ್ತು ಬಿಸಿಲಿಗೆ ಎಸೆದದ್ದು, ಹಸಿ ಕೊಂಬೆ ಸೀಳಿದ್ದು ಎಲ್ಲಕ್ಕೂ ಲೆಕ್ಕ ಇದೆ. ಕಾಡಿನಲ್ಲಿ ದಾರಿ ಕೇಳಿದವರಿಗೆ ತಪ್ಪು ದಾರಿ ತೋರಿಸಿದ್ದು ಇದೆ. ಚಳಿಯಲ್ಲಿ ಸೆಡೆತು ಬಂದವರಿಗೆ ಬೆಂಕಿ ಕೊಡದಿದ್ದುದು ಇದೆ. ನೀಲಗಿರಿಯ ಡಿಸೆಂಬರ್ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದನ್ನು ಕಂಡವರಿಗೆ ಆ ಕೊನೆಯದು ಜೀವ ತೆಗೆದದ್ದಕ್ಕೆ ಸಮ ಎಂದು ತಿಳಿಯುತ್ತದೆ.

ಚೀನಾದ ಕಡೆಯ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಲಾವೋ ಪ್ರಭುವಿನ 180 ಕಟ್ಟಳೆಗಳು ಎಂಬ ಹಳೆಯ ಪಠ್ಯವೊಂದು ಪಂಥದ ಹಿರಿಯರಿಗಾಗಿಯೇ ರಚನೆಯಾದದ್ದು. ಸುಮ್ಮಸುಮ್ಮನೆ ಮರ ಕಡಿಯಬಾರದು. ಕಾಡಿಗೆ ಬೆಂಕಿ ಇಡಬಾರದು. ಕೆರೆ, ಹೊಳೆಗೆ ವಿಷ ಹಾಕಬಾರದು. ಗೂಡಿನಲ್ಲಿರುವ, ಬಿಲದಲ್ಲಿ ಮಲಗಿರುವ ಪ್ರಾಣಿಯನ್ನು ಬೆದರಿಸಬಾರದು. ಬಡಗರ ಪಟ್ಟಿಯಲ್ಲೂ ನೀರಿಗೆ ಹೊಲಸು ಬೆರೆಸುವುದು, ಕೆರೆಯ ಏರಿ ಒಡೆಯುವುದು ಪಾಪವೆಂದೇ ಇದೆ. ಮೇಲಿನ ಹಟ್ಟಿಯವರು ಕೆಡಿಸಿದ ನೀರನ್ನು ಕೆಳಗಿನ ಹಟ್ಟಿಯವರು ಕುಡಿಯಬೇಕಾದ ನೆಲದಲ್ಲಿ ಧರ್ಮ ಹೀಗೆ ಮಾತಾಡುವುದೇ ಸಹಜ.

ಧಾನ್ಯದ ಕಥೆಯೂ ಹೋಲುತ್ತದೆ. ನೀಲಗಿರಿಯಲ್ಲಿ ಬಡಗರು ಬೆಳೆ ಬಂದಾಗ ಸಾಮೆ, ರಾಗಿಯ ಪಾಲನ್ನು ನೆರೆಯ ಬುಡಕಟ್ಟುಗಳಿಗೆ ಹಂಚುತ್ತಿದ್ದರು: ತೋಡರಿಗೆ ಕೊಡುತ್ತಿದ್ದರು, ಕೋತರಿಗೆ ಕೊಡುತ್ತಿದ್ದರು, ಕುರುಂಬರಿಗೂ ಕೊಡುತ್ತಿದ್ದರು. ತೋಡರ ತುಪ್ಪ, ಕೋತರ ಕಬ್ಬಿಣದ ಕೆಲಸ, ಮಡಕೆ ಮತ್ತು ವಾದ್ಯ, ಕುರುಂಬರ ಜೇನು ಹಾಗೂ ಮಂತ್ರ ಬಡಗರಿಗೆ ಬರುತ್ತಿತ್ತು. ಸಾವಿನ ಮನೆಯ ವಾದ್ಯವೂ ಕೋತರದೇ. ಬೆಟ್ಟದ ಈ ಕೊಡುಕೊಳ್ಳುವಿಕೆ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಸಡಿಲಿತು. ಚಹಾ, ಆಲೂಗೆಡ್ಡೆಗಳ ಜೊತೆ ನಗದು ಬಂದಮೇಲೆ ಧಾನ್ಯದ ಲೆಕ್ಕ ಉಳಿಯಲಿಲ್ಲ. ಅದರಲ್ಲಿ ಮೇಲು ಕೀಳು ಇರಲಿಲ್ಲ ಎಂದು ನಾನು ಹೇಳಲಾರೆ, ಇತ್ತು. ಆದರೆ ಒಬ್ಬರ ಬೆಳೆಯಲ್ಲಿ ಮತ್ತೊಬ್ಬರ ಪಾಲು ಇದೆ ಎಂಬ ತಿಳಿವಳಿಕೆಯೂ ಇತ್ತು.

ಬದುಕಿದ್ದವರು, ಸತ್ತವರು

ಹೋಲಿಕೆಯಷ್ಟೇ ವ್ಯತ್ಯಾಸವೂ ಯೋಚಿಸುವಂಥದ್ದು. ದಿವ್ಯಗುರುಗಳ ಪಂಥದಲ್ಲಿ ತಪ್ಪು ಹೇಳಿಕೊಳ್ಳುವವನು ಬದುಕಿದ್ದಾನೆ, ಒಬ್ಬನೇ ಕೋಣೆಯಲ್ಲಿ ಕೂತು ತನ್ನದನ್ನೇ ಹೇಳುತ್ತಾನೆ, ಅದು ಬರಹಕ್ಕೆ ಇಳಿಯುತ್ತದೆ, ಅರ್ಜಿಯ ರೂಪದಲ್ಲಿ ಮೂರು ಕಚೇರಿಗಳಿಗೆ ಹೋಗುತ್ತದೆ. ಹಾನ್ ಸಾಮ್ರಾಜ್ಯ ಕಾಗದಪತ್ರದ ಮೇಲೆ ನಡೆಯುತ್ತಿದ್ದ ರಾಜ್ಯ. ಅಲ್ಲಿಯ ದೇವರುಗಳೂ ಅರ್ಜಿ ಓದುವವರೇ. ಅಲ್ಲಿ ಗುಣವಾಗಲು ಅವಕಾಶ ಇದೆ, ದಾರಿ ದುರಸ್ತಿ ಮಾಡಲು ಕೈಕಾಲು ಇನ್ನೂ ಗಟ್ಟಿ ಇವೆ.

ಬಡಗರಲ್ಲಿ ಮಾತಾಡುವವರು ಬೇರೆಯವರು. ಸತ್ತವರು ಏನೂ ಹೇಳಲಾರರು, ಇಲ್ಲವೆನ್ನಲೂ ಆರರು. ಈ ಮನುಷ್ಯ ನಿಜಕ್ಕೂ ಗಡಿಕಲ್ಲು ಸರಿಸಿದ್ದನೇ ಎಂದು ಯಾರೂ ಕೇಳುವುದಿಲ್ಲ. ಒಳ್ಳೆಯವನಿಗೂ ಅದೇ ಪಟ್ಟಿ, ಕೆಟ್ಟವನಿಗೂ ಅದೇ ಪಟ್ಟಿ. ಬದುಕಿನಲ್ಲಿ ಯಾರೂ ಪೂರ್ತಿ ಕೈ ತೊಳೆದುಕೊಂಡು ಹೋಗಲಾರರು ಎಂದು ಒಪ್ಪಿದ ಮೇಲೆ ವ್ಯಕ್ತಿಯ ವಿಚಾರಣೆ ಬೇಕಾಗುವುದಿಲ್ಲ. ಹೀಗಾಗಿ ಪಟ್ಟಿ ಕಿವಿಗೆ ಬೀಳುವುದು ಸುತ್ತ ನಿಂತವರಿಗೆ. ಹೋದ ತಿಂಗಳು ಬೇಲಿ ಒತ್ತಿದವನು ಅಲ್ಲೇ ಇದ್ದಾನೆ. ನಿನ್ನೆ ಸೊಸೆಯ ಮೇಲೆ ಕೂಗಾಡಿದ ಅತ್ತೆ ಅಲ್ಲೇ ಇದ್ದಾಳೆ. ಅಣ್ಣನ ಜೊತೆ ಮಾತು ಬಿಟ್ಟ ತಮ್ಮ ಅಲ್ಲೇ ಇದ್ದಾನೆ. ಅವರೆಲ್ಲ ತಮ್ಮ ಬಾಯಿಂದಲೇ ಅದು ಪಾಪವೆಂದು ಹೇಳುತ್ತಾರೆ. ಯಾರತ್ತಲೂ ಬೆರಳು ತೋರಿಸದೆ ಎಲ್ಲರಿಂದಲೂ ಒಪ್ಪಿಸುವ ಈ ಜಾಣ್ಮೆಗೆ ನಾನು ತಲೆಬಾಗುತ್ತೇನೆ.

ಎರಡೂ ಕಡೆ ಪಾಪ ಎಂದರೆ ಕೂಡಿ ಬಾಳುವುದಕ್ಕೆ ತಂದ ಕುಂದು. ಅದನ್ನು ಮನಸ್ಸಿನೊಳಗೆ ಮುಚ್ಚಿಟ್ಟರೆ ಚೀನಾದವರ ಪ್ರಕಾರ ಮೈ ಕೆಡುತ್ತದೆ, ಬಡಗರ ಪ್ರಕಾರ ಸೇತುವೆ ಹರಿಯುತ್ತದೆ. ಬಾಯಿಬಿಟ್ಟು ಹೇಳಿದಾಗ ಇಬ್ಬರಲ್ಲೂ ಬಿಡುಗಡೆ ಇದೆ. ಧರ್ಮ ಎಂದರೆ ಯಾವ ದೇವರು ದೊಡ್ಡವನು ಎಂಬ ವಾದವೇ ಆಗಿಬಿಟ್ಟಿರುವ ಈ ದಿನಗಳಲ್ಲಿ, ಧರ್ಮದ ಮೊದಲ ಕೆಲಸ ನೆರೆಯವರ ಬಾಕಿ ತೀರಿಸುವುದು ಎಂದು ಈ ಎರಡು ಬೆಟ್ಟಗಳ ಜನ ತಿಳಿದಿದ್ದನ್ನು ನಾವು ಗಟ್ಟಿಯಾಗಿ ಹೇಳಬೇಕಾಗಿದೆ.

ಪಟ್ಟಿ ಮುಚ್ಚಿಲ್ಲ

ಬಡಗರ ಪಟ್ಟಿಯಲ್ಲಿ ನನ್ನ ಗಮನ ಸೆಳೆದ ಇನ್ನೊಂದು ಪಾಪ ಇದೆ. ಊರಿನ ಜಗಳವನ್ನು ಮೇಲಿನ ಅಧಿಕಾರಿಗಳ ಕಿವಿಗೆ ಹಾಕುವುದು, ಸರ್ಕಾರದ ಬಲ ತಂದು ಊರವರ ಮೇಲೆ ಬಿಡುವುದು. ಹತ್ತೊಂಬತ್ತನೇ ಶತಮಾನದ ದಾಖಲೆಗಳಲ್ಲೇ ಇದು ಕಾಣುತ್ತದೆ. ಗೌಡನೂ ಊರ ಕೂಟವೂ ನ್ಯಾಯ ಹೇಳುತ್ತಿದ್ದ ಬೆಟ್ಟಕ್ಕೆ ಕಂದಾಯ, ಕಚೇರಿ ಬಂದಮೇಲೆ ಸೇರಿಕೊಂಡ ಪಾಪ ಇದಾಗಿರಬೇಕು ಎಂದು ನನ್ನ ಎಣಿಕೆ. ಹಾಗಿದ್ದರೆ ಪಟ್ಟಿ ಎಂದೂ ಕಲ್ಲಿನಲ್ಲಿ ಕೆತ್ತಿದ್ದಾಗಿರಲಿಲ್ಲ. ಕಾಲ ಹೊಸ ತಪ್ಪು ತಂದಾಗ ಹಿರಿಯರು ಅದಕ್ಕೂ ಹೆಸರಿಟ್ಟು ಸೇರಿಸಿಕೊಂಡಿದ್ದಾರೆ.

ಈಗಲೂ ಸೇರಿಸುವುದು ಬೇಕಾದಷ್ಟಿದೆ. 2009ರ ನವೆಂಬರ್ ಮಳೆಯಲ್ಲಿ ನೀಲಗಿರಿಯ ಇಳಿಜಾರುಗಳು ಕುಸಿದು 40ಕ್ಕೂ ಹೆಚ್ಚು ಜನ ಸತ್ತರು. ಜಾರುವ ಇಳಿಜಾರನ್ನು ಕಡಿದು ಕಟ್ಟಡ ಏರಿಸುವುದು ಗಡಿಕಲ್ಲು ಕಿತ್ತದ್ದಕ್ಕಿಂತ ಹಗುರವೇ? ಊಟಿಗೆ ಏರುವ ವಾಹನಗಳ ಸಾಲು ತಡೆಯಲಾರದೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಇ-ಪಾಸ್ ಕಡ್ಡಾಯವಾಯಿತು. ಬೆಟ್ಟ ನೋಡಲು ಬಂದು ಪ್ಲಾಸ್ಟಿಕ್ ಬಾಟಲಿಯನ್ನು ತೊರೆಗೆ ಎಸೆದು ಇಳಿಯುವ ನಾವು ಬಯಲಿನವರು ನೀರಿಗೆ ಹೊಲಸು ಬೆರೆಸಿದವರ ಸಾಲಿಗೇ ಸೇರುತ್ತೇವೆ. ಆನೆಯ ದಾರಿಗೆ ಬೇಲಿ ಹಾಕಿದವರು ಕಾಡಿನಲ್ಲಿ ದಾರಿ ತಪ್ಪಿಸಿದವರ ಸಾಲಿಗೆ ಸೇರುತ್ತಾರೆ.

2011ರ ಜನಗಣತಿಯಲ್ಲಿ ಬಡಗವನ್ನು ತಾಯ್ನುಡಿ ಎಂದು ಬರೆಸಿದವರು ಒಂದೂಕಾಲು ಲಕ್ಷಕ್ಕೂ ಹೆಚ್ಚು. ಅವರ ಮಕ್ಕಳು ಕೊಯಮತ್ತೂರು, ಬೆಂಗಳೂರುಗಳಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಸಾವಿನ ದಿನ ಹಟ್ಟಿಗೆ ಬಂದು ದನಿಗೂಡಿಸುವುದು ಒಂದು ಮಾತು. ಹಿರಿಯರ ಪಕ್ಕದಲ್ಲಿ ಕೂತು ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಬಾಯಿಪಾಠ ಮಾಡುವುದು ಇನ್ನೊಂದು ಮಾತು. ಈ ಎರಡನೆಯದು ನಡೆಯಬೇಕು, ಬಡಗ ಮಾತಿನಲ್ಲೇ ನಡೆಯಬೇಕು. ಹಾನ್‌ಜುಂಗ್ ಕಣಿವೆಯ ಆಳ್ವಿಕೆ 215ರಲ್ಲಿ ಮುಗಿದರೂ ಮೌನದ ಕೋಣೆಯ ವಿಧಿ ಉಳಿದದ್ದು, ಸಾಗಿಸಲ್ಪಟ್ಟ ಜನ ಅದನ್ನು ಬಾಯಲ್ಲೂ ಪುಸ್ತಕದಲ್ಲೂ ಹೊತ್ತೊಯ್ದರು ಎಂಬ ಕಾರಣಕ್ಕೆ. ಹುಬ್ಬತಲೈಯಂಥ ಹಟ್ಟಿಗಳ ಪಟ್ಟಿಯೂ ಹಾಗೆಯೇ ಹೊತ್ತೊಯ್ಯಲು ಯೋಗ್ಯವಾದದ್ದು. ಕನ್ನಡದ ಒಡಹುಟ್ಟು ನುಡಿಯಲ್ಲಿರುವ ಇದನ್ನು ನಮ್ಮ ವಚನ, ತತ್ವಪದಗಳ ಪಕ್ಕದಲ್ಲಿಟ್ಟು ಓದುವ, ಕಲಿಸುವ ಕೆಲಸ ಕನ್ನಡದ ವಿಶ್ವವಿದ್ಯಾಲಯಗಳದು, ಕನ್ನಡ ಓದುಗರದು. ಓದಿದವರು ತಮ್ಮ ಊರಿಗೂ ಅಂಥದೊಂದು ಪಟ್ಟಿ ಬರೆಯಲು ಕೂರಲಿ. ಬರೆದವರು ತಮ್ಮ ಪಾಲಿನ ನೂರು ಹೆಜ್ಜೆ ದಾರಿಯನ್ನು ಬದುಕಿರುವಾಗಲೇ ದುರಸ್ತಿ ಮಾಡಲಿ.